ಕಂಪ್ಯೂಟರಿನಿಂದ ಪುಕ್ಕಟೆ ಕರೆ: ಮೊದಲು ಹೆಡ್‌ಸೆಟ್ ತನ್ನಿ, ಆಮೇಲೆ ಆ್ಯಪ್ ನೋಡೋಣ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬೆಂಗಳೂರಿನ ಹನುಮಂತನಗರದಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಇದ್ದೇವೆ. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಹತ್ತು ಹನ್ನೆರಡು ವರ್ಷ ಮನೆಯ ಕಂಪ್ಯೂಟರಿನಲ್ಲಿ ಸ್ಕೈಪ್ ಹಾಕಿಕೊಂಡು ಅವಳ ಜೊತೆ ಮಾತಾಡಿದೆವು, ಅದು ನಿಂತುಹೋಯಿತು. ಈಗ ಎಲ್ಲ ಮೊಬೈಲಿನಲ್ಲೇ. ನನ್ನ ಹೆಂಡತಿಗೆ ಕಿವಿ ಸ್ವಲ್ಪ ಮಂದ, ಮೊಬೈಲಿನಲ್ಲಿ ಅರ್ಧ ಮಾತು ತಿಳಿಯುವುದಿಲ್ಲ, ಸುಮ್ಮನೆ ಹೂಂ ಅನ್ನುತ್ತಾಳೆ. ಮತ್ತೆ ಕಂಪ್ಯೂಟರಿನಿಂದಲೇ ದುಡ್ಡಿಲ್ಲದೆ ಮಾತಾಡಬಹುದೇ? ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಲ್ಯಾಂಡ್‌ಲೈನ್ ಮಾತ್ರ ಇದೆ, ಅದಕ್ಕೂ ಆಗುತ್ತದೆಯೇ? ಪರಿಚಯದ ಹುಡುಗನೊಬ್ಬ ‘ಯಾವ ಫೋನಿಗೆ ಬೇಕಾದರೂ ಫ್ರೀ’ ಎಂಬ ಒಂದು ಸಾಫ್ಟ್‌ವೇರ್ ತೋರಿಸಿದ. ಅದು ಕಾರ್ಡ್ ನಂಬರ್ ಕೇಳುತ್ತಿದೆ. ಕೊಡಲೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ ಮೇಷ್ಟ್ರೇ. ಕಾರ್ಡ್ ನಂಬರ್ ಕೊಡಬೇಡಿ. ಆ ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ತೆಗೆದುಹಾಕಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಗಳ ಜೊತೆ ಕಂಪ್ಯೂಟರಿನಿಂದ ಪುಕ್ಕಟೆಯಾಗಿ, ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಅಕ್ಕನ ಲ್ಯಾಂಡ್‌ಲೈನಿಗೆ ಇಂಟರ್ನೆಟ್ ಮೂಲಕ ಪುಕ್ಕಟೆ ಕರೆ ಸಿಗುವುದಿಲ್ಲ, ಆದರೆ ಅದಕ್ಕೆ ನಿಮ್ಮ ಹತ್ತಿರ ಈಗಾಗಲೇ ಬೇರೆ ದಾರಿ ಇದೆ. ಇನ್ನು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ನಿಮ್ಮ ಮನೆಯವರು ಸುಮ್ಮನೆ ಹೂಂ ಅನ್ನುತ್ತಾರೆ ಎಂಬ ಆ ಒಂದು ಮಾತು. ಯಾವ ಆ್ಯಪ್ ಅನ್ನುವುದಕ್ಕಿಂತ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಅದನ್ನು ಸರಿಮಾಡಬಹುದು.

ಈ ಪುಕ್ಕಟೆ ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದರೆ ಯಾರೂ ನಿಮ್ಮನ್ನು ಯಾಮಾರಿಸಲು ಆಗುವುದಿಲ್ಲ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡುವಾಗ ನಿಮ್ಮ ದನಿ ಸಣ್ಣ ಸಣ್ಣ ತುಂಡಾಗಿ, ಇಮೇಲ್ ಹೋಗುವ ದಾರಿಯಲ್ಲೇ ಹೋಗುತ್ತದೆ. ಅದಕ್ಕೆ ನೀವು ಬ್ರಾಡ್‌ಬ್ಯಾಂಡ್ ಬಿಲ್ ಕಟ್ಟಿದ್ದೀರಿ, ಆ ಕಡೆ ಮಗಳೂ ಕಟ್ಟಿದ್ದಾಳೆ. ನಡುವೆ ಯಾವ ಫೋನ್ ಕಂಪನಿಯ ಎಕ್ಸ್‌ಚೇಂಜನ್ನೂ ಮುಟ್ಟುವುದಿಲ್ಲ. ಬರೀ ದನಿಯಾದರೆ ಒಂದು ಗಂಟೆಗೆ ಸುಮಾರು 40–50 ಎಂಬಿ ಡೇಟಾ ಸಾಕು. ಮುಖ ನೋಡಿಕೊಂಡು ಮಾತಾಡಿದರೆ ಅರ್ಧ ಜಿಬಿಯಿಂದ ಒಂದು ಜಿಬಿ ಅಂದುಕೊಳ್ಳಿ. ಮನೆಯ ಬ್ರಾಡ್‌ಬ್ಯಾಂಡಿಗೆ ಇದು ಏನೂ ಅಲ್ಲ.

ಕಂಪ್ಯೂಟರಿನಿಂದ ಮಾಮೂಲಿ ಫೋನಿಗೆ ಮಾಡುವ ಕರೆಯ ಲೆಕ್ಕ ಬೇರೆ. ಕೊನೆಯಲ್ಲಿ ಅದು ಒಂದು ಫೋನ್ ಕಂಪನಿಯ ಜಾಲಕ್ಕೆ ಇಳಿಯಲೇಬೇಕು, ಇಳಿಸಿಕೊಳ್ಳುವ ಕಂಪನಿ ಅದಕ್ಕೆ ದುಡ್ಡು ಕೇಳುತ್ತದೆ. ಹೊರದೇಶದಿಂದ ನಮ್ಮಲ್ಲಿಗೆ ಬರುವ ಕರೆಗೆ ಈ ಶುಲ್ಕ ನಿಮಿಷಕ್ಕೆ 53 ಪೈಸೆ ಇತ್ತು, 2018ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಅದನ್ನು 30 ಪೈಸೆಗೆ ಇಳಿಸಿತು. ಪೈಸೆ ಕಡಿಮೆಯೇ ಇರಬಹುದು, ಆದರೆ ಯಾರಾದರೂ ಕೊಡಲೇಬೇಕಲ್ವಾ? ಹಾಗಾಗಿ ‘ಯಾವ ಫೋನಿಗೆ ಬೇಕಾದರೂ ಎಷ್ಟು ಬೇಕಾದರೂ ಫ್ರೀ’ ಎಂದು ಯಾರಾದರೂ ಹೇಳಿದರೆ ಆ ದುಡ್ಡನ್ನು ನಿಮ್ಮಿಂದ ಬೇರೆ ರೀತಿಯಲ್ಲಿ ವಸೂಲಿ ಮಾಡುತ್ತಾರೆ ಎಂದೇ ತಿಳಿಯಿರಿ. ಒಂದೋ ಕಾರ್ಡಿನಿಂದ, ಇಲ್ಲವೇ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯಿಂದ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಕಥೆಯೂ ಇದೆ. 2002ರ ಏಪ್ರಿಲ್ 1ರಿಂದ ಸರ್ಕಾರ ಇಂಟರ್ನೆಟ್ ಕರೆಗೆ ಅನುಮತಿ ಕೊಟ್ಟಿತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸರಿ, ಇಲ್ಲಿನ ಕಂಪ್ಯೂಟರಿನಿಂದ ಹೊರದೇಶದ ಫೋನಿಗೂ ಸರಿ, ಆದರೆ ದೇಶದೊಳಗಿನ ಫೋನಿಗೆ ಮಾಡುವಂತಿರಲಿಲ್ಲ. ನಿಮಗೆ ನೆನಪಿರಬಹುದು, ಸ್ಕೈಪ್‌ನಲ್ಲಿ ಸ್ವಲ್ಪ ದುಡ್ಡು ಹಾಕಿದರೆ ಇಲ್ಲಿನ ಮೊಬೈಲ್, ಲ್ಯಾಂಡ್‌ಲೈನಿಗೂ ಕರೆ ಹೋಗುತ್ತಿತ್ತು. 2014ರ ನವೆಂಬರ್ 10ರಿಂದ ಭಾರತದೊಳಗೆ ಅದನ್ನು ನಿಲ್ಲಿಸಿದರು. 2018ರಲ್ಲಿ ಲೈಸೆನ್ಸ್ ಇರುವ ಫೋನ್ ಕಂಪನಿಗಳಿಗೆ ಇಂಟರ್ನೆಟ್ ಮೂಲಕ ನಂಬರ್ ಕೊಟ್ಟು ಕರೆ ಮಾಡಿಸಲು ಒಪ್ಪಿಗೆ ಸಿಕ್ಕಿತು, ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಸೇವೆಯನ್ನೂ ಶುರು ಮಾಡಿತು. ಅದೂ ವರ್ಷಕ್ಕೆ 1,099 ರೂಪಾಯಿ ಕಟ್ಟಿ ಪಡೆಯುವ ಸೇವೆಯಾಗಿತ್ತು.

ಸರಿ, ಅಕ್ಕನಿಗೆ ಹೇಗೆ ಮಾಡುವುದು? ನಿಮ್ಮ ಮೊಬೈಲಿನಲ್ಲಿ ಈಗ ಇರುವುದು ಬಹುಶಃ ತಿಂಗಳಿಗೋ ಮೂರು ತಿಂಗಳಿಗೋ ರೀಚಾರ್ಜ್ ಮಾಡಿಸುವ ಅನ್‌ಲಿಮಿಟೆಡ್ ಪ್ಲಾನ್. ಅದರಲ್ಲಿ ತೀರ್ಥಹಳ್ಳಿಯ ಲ್ಯಾಂಡ್‌ಲೈನಿಗೆ ಮಾಡುವ ಕರೆಯೂ ಸೇರಿರುತ್ತದೆ. ಅಂದರೆ ಇಂಟರ್ನೆಟ್ ಕರೆಯ ಅಗತ್ಯವೇ ಇಲ್ಲ, ಬೇಕಾಗಿರುವುದು ಮೊಬೈಲಿನ ಕರೆಯನ್ನು ಕಂಪ್ಯೂಟರಿನಲ್ಲಿ ಕೂತು ಮಾತಾಡುವ ಅನುಕೂಲ ಅಷ್ಟೇ. ಅದು ವಿಂಡೋಸ್‌ನಲ್ಲೇ ಇದೆ. ‘ಫೋನ್ ಲಿಂಕ್’ ಎಂದು ಹುಡುಕಿ ತೆರೆಯಿರಿ. ಅದು ತೋರಿಸುವ ಕ್ಯೂಆರ್ ಕೋಡನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ ಎರಡನ್ನೂ ಜೋಡಿಸಿ. ನಂಬರ್ ಒತ್ತುವುದು ಕಂಪ್ಯೂಟರಿನಲ್ಲಿ, ಕರೆ ಹೋಗುವುದು ನಿಮ್ಮ ಸಿಮ್‌ನಿಂದ, ಮಾತು ಕೇಳಿಸುವುದು ಹೆಡ್‌ಸೆಟ್ಟಿನಲ್ಲಿ. ಕಂಪ್ಯೂಟರಿನಲ್ಲಿ ಬ್ಲೂಟೂತ್ ಇರಬೇಕು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇರುವುದಿಲ್ಲ, ಉಗುರಿನಷ್ಟು ಚಿಕ್ಕ ಯುಎಸ್‌ಬಿ ಬ್ಲೂಟೂತ್ ಡಾಂಗಲ್ ತಂದು ಹಿಂದೆ ಸಿಕ್ಕಿಸಿದರೆ ಆಯಿತು.

ಈಗ ಮಗಳ ಕಡೆಗೆ ಬರೋಣ. ಸ್ಕೈಪ್ 2003ರಲ್ಲಿ ಶುರುವಾಗಿ, 2011ರಲ್ಲಿ ಮೈಕ್ರೋಸಾಫ್ಟ್ ಕೈಗೆ ಹೋಗಿ, 2025ರ ಮೇ 5ಕ್ಕೆ ಮುಚ್ಚಿತು. ಅದರ ಬದಲಿಗೆ ‘ಟೀಮ್ಸ್’ ಬಳಸಿ ಎಂದು ಮೈಕ್ರೋಸಾಫ್ಟ್ ಹೇಳಿತು. ಟೀಮ್ಸ್ ಕೆಟ್ಟದ್ದಲ್ಲ, ಆದರೆ ಅದನ್ನು ಮಾಡಿರುವುದು ಆಫೀಸಿನವರಿಗಾಗಿ. ಮನೆಯಲ್ಲಿ ಇಬ್ಬರು ಹಿರಿಯರು ಕೂತು ಮಾತಾಡುವುದಕ್ಕೆ ಅಷ್ಟೊಂದು ಬಟನ್ ಬೇಡ.

ನಾನು ನಿಮಗೆ ಹೇಳುವುದು ವಾಟ್ಸಾಪ್. ಕಾರಣ ಸರಳ. ಅದು ನಿಮ್ಮ ಮೊಬೈಲಿನಲ್ಲೂ ಮಗಳ ಮೊಬೈಲಿನಲ್ಲೂ ಆಗಲೇ ಇರುತ್ತದೆ, ಹೊಸ ಪಾಸ್‌ವರ್ಡ್ ನೆನಪಿಡುವ ಕಷ್ಟ ಇಲ್ಲ. 2021ರಿಂದ ಅದರ ಕಂಪ್ಯೂಟರ್ ಆ್ಯಪ್‌ನಲ್ಲೂ ದನಿ ಮತ್ತು ವಿಡಿಯೊ ಕರೆ ಮಾಡಬಹುದು. ‘ಮೈಕ್ರೋಸಾಫ್ಟ್ ಸ್ಟೋರ್’ ತೆರೆದು ಅಲ್ಲಿಂದಲೇ ವಾಟ್ಸಾಪ್ ಹಾಕಿಕೊಳ್ಳಿ, ಗೂಗಲ್‌ನಲ್ಲಿ ಹುಡುಕಿ ಸಿಕ್ಕಸಿಕ್ಕ ಕಡೆಯಿಂದ ಇಳಿಸಿಕೊಳ್ಳಬೇಡಿ. ತೆರೆದಾಗ ಪರದೆಯ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಮೊಬೈಲಿನ ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಒತ್ತಿ ಆ ಕೋಡನ್ನು ಸ್ಕ್ಯಾನ್ ಮಾಡಿದರೆ ಮುಗಿಯಿತು. ಆಮೇಲೆ ಮಗಳ ಹೆಸರು ತೆರೆದರೆ ಮೇಲೆ ಕ್ಯಾಮೆರಾ ಮತ್ತು ಫೋನಿನ ಗುರುತು ಕಾಣುತ್ತದೆ. ಮಾತಾಡುವಾಗ ಮೊಬೈಲ್ ಆಫ್ ಆಗಿದ್ದರೂ ನಡೆಯುತ್ತದೆ. ಆದರೆ ಮೊಬೈಲಿನಲ್ಲಿ 14 ದಿನ ವಾಟ್ಸಾಪ್ ತೆರೆಯದೇ ಇದ್ದರೆ ಕಂಪ್ಯೂಟರಿನ ಜೋಡಣೆ ತಾನಾಗಿ ಬಿಟ್ಟುಹೋಗುತ್ತದೆ, ಆಗ ಗಾಬರಿಯಾಗಬೇಡಿ, ಮತ್ತೆ ಸ್ಕ್ಯಾನ್ ಮಾಡಿ.

ನಿಮ್ಮದು ವಿಂಡೋಸ್ 7 ಇರುವ ಹಳೇ ಯಂತ್ರವಾದರೆ ಈ ಆ್ಯಪ್ ಕೂರುವುದಿಲ್ಲ, ಕ್ರೋಮ್ ಕೂಡ 2023ರಿಂದ ಅದಕ್ಕೆ ಹೊಸ ಆವೃತ್ತಿ ಕೊಡುತ್ತಿಲ್ಲ. ಯಂತ್ರ ಗಟ್ಟಿಯಾಗಿದ್ದರೆ ಎಸೆಯಬೇಡಿ. ಪರಿಚಯದವರಿಂದ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆ ಹಾಕಿಸಿಕೊಳ್ಳಿ, ಅದು ಪುಕ್ಕಟೆ. ಬ್ರೌಸರಿನಲ್ಲೇ ಗೂಗಲ್ ಮೀಟ್ ತೆರೆದು ಮಾತಾಡಬಹುದು. ಮೀಟ್‌ನಲ್ಲಿ ಇಬ್ಬರೇ ಇದ್ದರೆ 24 ಗಂಟೆವರೆಗೆ ಅಡ್ಡಿ ಇಲ್ಲ, ಮೂರು ಅಥವಾ ಜಾಸ್ತಿ ಕಡೆಯಿಂದ ಸೇರಿದರೆ ಒಂದು ಗಂಟೆಗೆ ನಿಲ್ಲುತ್ತದೆ. ಝೂಮ್ ಪುಕ್ಕಟೆಯಲ್ಲಿ 40 ನಿಮಿಷ ಮಾತ್ರ, ಮೊಮ್ಮಗು ಹಾಡು ಹೇಳುವ ಹೊತ್ತಿಗೆ ಕಟ್ ಆಗುತ್ತದೆ. ಮಗಳ ಹತ್ತಿರ ಐಫೋನ್ ಇದ್ದರೆ ಅವಳು ಫೇಸ್‌ಟೈಮ್ ಲಿಂಕ್ ಕಳಿಸಬಹುದು, ನೀವು ಅದನ್ನು ಕ್ರೋಮ್‌ನಲ್ಲಿ ತೆರೆದು ಸೇರಿಕೊಳ್ಳಬಹುದು. ನಿಮ್ಮ ಕಡೆಯಿಂದ ಶುರು ಮಾಡಲು ಆಗುವುದಿಲ್ಲ. ಖಾಸಗಿತನದ ಬಗ್ಗೆ ಮಗಳಿಗೆ ಕಾಳಜಿ ಜಾಸ್ತಿ ಇದ್ದರೆ ಸಿಗ್ನಲ್ ಒಳ್ಳೆಯದು, ಲಾಭಕ್ಕಾಗಿ ಅಲ್ಲದ ಸಂಸ್ಥೆ ನಡೆಸುವಂಥದ್ದು. ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಇರಿ. ನಾಲ್ಕು ಹಾಕಿಕೊಂಡರೆ ಯಾವುದು ಎಲ್ಲಿ ರಿಂಗ್ ಆಯಿತು ಎಂದು ಹುಡುಕುವುದೇ ಕೆಲಸವಾಗುತ್ತದೆ.

ಈಗ ನಿಮ್ಮ ಮನೆಯವರ ಕಿವಿಯ ವಿಷಯ.

ಹಳೆಯ ಟೆಲಿಫೋನ್ ನಮ್ಮ ದನಿಯನ್ನು ಪೂರ್ತಿ ಕಳಿಸುವುದಿಲ್ಲ. 300ರಿಂದ 3,400 ಹರ್ಟ್ಸ್ (ದನಿಯ ಶ್ರುತಿಯ ಅಳತೆ) ನಡುವಿನ ಭಾಗವನ್ನು ಮಾತ್ರ ಕಳಿಸಿ ಉಳಿದದ್ದನ್ನು ಕತ್ತರಿಸುತ್ತದೆ. ಅ, ಆ, ಓ ಇಂಥ ಸ್ವರಗಳಿಗೆ ಅಷ್ಟು ಸಾಕು. ಆದರೆ ಸ, ಶ, ಫ ಇವುಗಳ ಜೀವ ಇರುವುದು ಅದಕ್ಕಿಂತ ಮೇಲೆ. ಫೋನಿನಲ್ಲಿ ಹೆಸರಿನ ಅಕ್ಷರ ಹೇಳುವಾಗ ನಾವೆಲ್ಲ ‘ಎಸ್ ಫಾರ್ ಶುಗರ್, ಎಫ್ ಫಾರ್ ಫ್ಯಾನ್’ ಅನ್ನುವುದು ಇದಕ್ಕೇ. ವಯಸ್ಸಾದಾಗ ಕಿವಿಯಲ್ಲಿ ಮೊದಲು ಮಂಕಾಗುವುದೂ ಈ ಮೇಲಿನ ದನಿಗಳೇ. ಹೀಗಾಗಿ ಸಾಮಾನ್ಯ ಫೋನಿನಲ್ಲಿ ಹಿರಿಯರಿಗೆ ಎರಡು ಪೆಟ್ಟು. ಮಾತಾಡುತ್ತಿರುವುದು ಕೇಳಿಸುತ್ತದೆ, ಏನು ಮಾತಾಡಿದರು ಎಂದು ತಿಳಿಯುವುದಿಲ್ಲ. ಇದನ್ನು ಮನೆಯ ಉಳಿದವರು ಗಮನ ಇಲ್ಲ ಎಂದುಕೊಳ್ಳುತ್ತಾರೆ. ಅದು ಸರಿಯಲ್ಲ.

ಇಂಟರ್ನೆಟ್ ಕರೆಯಲ್ಲಿ ಹಾಗಲ್ಲ. ಈಗಿನ ಹೆಚ್ಚಿನ ಕರೆಗಳಲ್ಲಿ ದನಿಯನ್ನು ಅಡಕ ಮಾಡುವುದು 2012ರಲ್ಲಿ ಬಂದ ‘ಓಪಸ್’ ಎಂಬ ಪದ್ಧತಿ. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಮನುಷ್ಯನ ಕಿವಿಗೆ ಕೇಳಿಸುವ ಪೂರ್ತಿ ದನಿಯನ್ನು ಅದು ಕಳಿಸಬಲ್ಲದು. ಸ ಸ ಆಗಿಯೇ ಕೇಳಿಸುತ್ತದೆ. ಆದರೆ ಮೊಬೈಲಿನ ಚಿಕ್ಕ ಸ್ಪೀಕರಿನಲ್ಲೋ ಮಾನಿಟರ್ ಒಳಗಿನ ಸ್ಪೀಕರಿನಲ್ಲೋ ಕೇಳಿದರೆ ಆ ಲಾಭ ಅಲ್ಲೇ ಸೋರಿಹೋಗುತ್ತದೆ.

ಮಲ್ಲೇಶ್ವರದಲ್ಲಿರುವ ನಮ್ಮ ಸೋದರಮಾವನಿಗೆ ಹೀಗೇ ಆಗಿತ್ತು. ಮಗನ ಮಾತು ತಿಳಿಯುತ್ತಿಲ್ಲ, ಕಿವಿ ಹೋಯಿತು ಎಂದು ಅವರು ಕರೆ ಮಾಡುವುದನ್ನೇ ಕಡಿಮೆ ಮಾಡಿದ್ದರು. ಒಂದು ಭಾನುವಾರ ಹೋಗಿ ಕೂತು ನೋಡಿದೆ. ಮೇಜಿನ ಮೇಲೆ ಒಳ್ಳೆಯ ಸ್ಪೀಕರ್ ಇತ್ತು, ಆದರೆ ಕಂಪ್ಯೂಟರ್ ದನಿಯನ್ನು ಎಚ್‌ಡಿಎಂಐ ತಂತಿಯಲ್ಲಿ ಮಾನಿಟರಿಗೆ ಕಳಿಸುತ್ತಿತ್ತು. ಆ ಮಾನಿಟರಿನ ಸ್ಪೀಕರ್ ಹಿಂಭಾಗದಲ್ಲಿ, ಗೋಡೆಗೆ ಮುಖ ಮಾಡಿಕೊಂಡಿತ್ತು. ಮಾವನ ದನಿಯನ್ನು ಹಿಡಿಯುತ್ತಿದ್ದುದು ವೆಬ್‌ಕ್ಯಾಮ್‌ನ ಮೈಕು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಆ ಕಡೆ ಮಗನಿಗೆ ಫ್ಯಾನ್ ಸದ್ದೇ ಜಾಸ್ತಿ ಕೇಳಿಸುತ್ತಿತ್ತು, ಅವನೂ ಕೂಗಿ ಮಾತಾಡುತ್ತಿದ್ದ. ಒಂದು ಹೆಡ್‌ಸೆಟ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಆರಿಸಿದೆ. ಮಾವ ಮಗನ ಮನೆಯ ಹಿಂದೆ ಹಕ್ಕಿ ಕೂಗುವುದನ್ನೂ ಕೇಳಿಸಿಕೊಂಡರು. ಅವತ್ತು ಅವರು ಒಂದೂಕಾಲು ಗಂಟೆ ಮಾತಾಡಿದರು.

ಹಾಗಾಗಿ ಮೊದಲ ಖರ್ಚು ಹೆಡ್‌ಸೆಟ್ಟಿಗೆ. ಎಸ್‌ಪಿ ರೋಡಿಗೆ ಹೋದರೆ ಬೇಕಾದಷ್ಟು ಅಂಗಡಿ. ‘ಯುಎಸ್‌ಬಿ ಹೆಡ್‌ಸೆಟ್, ಮೈಕ್ ಇರಬೇಕು, ತಂತಿ ಇರಬೇಕು, ಕಿವಿ ಪೂರ್ತಿ ಮುಚ್ಚುವಂಥದ್ದು’ ಎಂದು ಕೇಳಿ. ಸಾವಿರ ರೂಪಾಯಿ ಒಳಗೆ ಸಾಕಷ್ಟು ಒಳ್ಳೆಯದು ಸಿಗುತ್ತದೆ. ಯುಎಸ್‌ಬಿಯೇ ಯಾಕೆ ಅಂದರೆ, ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮೈಕಿಗೆ ಗುಲಾಬಿ ತೂತು, ಸ್ಪೀಕರಿಗೆ ಹಸಿರು ತೂತು ಎಂದು ಎರಡಿರುತ್ತವೆ. ಮೊಬೈಲಿನ ಇಯರ್‌ಫೋನಿನಲ್ಲಿ ಎರಡೂ ಸೇರಿದ ಒಂದೇ ಪಿನ್. ಅದನ್ನು ಹಸಿರಿಗೆ ಚುಚ್ಚಿದರೆ ಕೇಳಿಸುತ್ತದೆ, ಮೈಕ್ ಕೆಲಸ ಮಾಡುವುದಿಲ್ಲ. ಕ್ಯಾಬಿನೆಟ್ಟಿನ ಮುಂದಿನ ತೂತುಗಳಿಗೆ ಎಷ್ಟೋ ಸಲ ಒಳಗೆ ವೈರೇ ಹಾಕಿರುವುದಿಲ್ಲ. ಯುಎಸ್‌ಬಿಯಲ್ಲಿ ಈ ಯಾವ ತಲೆನೋವೂ ಇಲ್ಲ. ಬ್ಲೂಟೂತ್ ಇಯರ್‌ಬಡ್ ಬೇಡ ಎನ್ನುವುದಕ್ಕೂ ಕಾರಣ ಇದೆ. ಅದರ ಮೈಕ್ ಶುರುವಾದ ತಕ್ಷಣ ಅದು ಹಾಡು ಕೇಳುವ ಗುಣಮಟ್ಟ ಬಿಟ್ಟು ಕೆಳಮಟ್ಟದ ದನಿಗೆ ಇಳಿಯುತ್ತದೆ, ನಾವು ಕಷ್ಟಪಟ್ಟು ಗಳಿಸಿದ ಸ, ಶ ಮತ್ತೆ ಮಂಕಾಗುತ್ತವೆ. ನಿಮ್ಮ ಮನೆಯವರು ಶ್ರವಣ ಯಂತ್ರ ಹಾಕುತ್ತಿದ್ದರೆ ಅದರ ಮೇಲೆಯೇ ಕೂರುವಷ್ಟು ದೊಡ್ಡ ಬಟ್ಟಲಿನ ಹೆಡ್‌ಸೆಟ್ ಆರಿಸಿ, ಅಂಗಡಿಯಲ್ಲೇ ಅವರಿಗೆ ಹಾಕಿ ನೋಡಿ.

ಇಬ್ಬರೂ ಒಟ್ಟಿಗೆ ಮಾತಾಡಬೇಕಾದರೆ ಎರಡು ಹೆಡ್‌ಸೆಟ್ ಸಾಮಾನ್ಯವಾಗಿ ಒಂದೇ ಸಲ ನಡೆಯುವುದಿಲ್ಲ. ಮನೆಯವರು ಹೆಡ್‌ಸೆಟ್ ಹಾಕಿಕೊಳ್ಳಲಿ, ನೀವು ಮೊಬೈಲಿನಿಂದ ಬೇರೆ ಕೋಣೆಯಲ್ಲಿ ಕೂತು ಸೇರಿಕೊಳ್ಳಿ. ಅದಕ್ಕೆ ನೀವು ನಿಮ್ಮ ನಂಬರಿನಿಂದ, ಕಂಪ್ಯೂಟರ್ ಅವರ ನಂಬರಿನಿಂದ ಇರಬೇಕು. ಒಂದೇ ಕೋಣೆಯಲ್ಲಿ ಎರಡೂ ತೆರೆದರೆ ಕೀಂಯ್ ಎಂದು ಕೂಗುತ್ತದೆ.

ಒಂದು ಗುಟ್ಟು ಹೇಳುತ್ತೇನೆ, ತುಂಬ ಜನಕ್ಕೆ ಗೊತ್ತಿಲ್ಲ. ಮಾತಾಡುವಾಗ ನಿಮ್ಮ ದನಿಯೇ ನಿಮಗೆ ವಾಪಸ್ ಕೇಳಿಸಿದರೆ ತಪ್ಪು ಇರುವುದು ಮಗಳ ಕಡೆ. ಅವಳ ಸ್ಪೀಕರಿನಿಂದ ಬಂದ ನಿಮ್ಮ ದನಿ ಅವಳ ಮೈಕಿಗೆ ಹೊಕ್ಕು ತಿರುಗಿ ಬರುತ್ತಿದೆ. ಅವಳೂ ಹೆಡ್‌ಸೆಟ್ ಹಾಕಿದರೆ ನಿಲ್ಲುತ್ತದೆ. ಅವಳಿಗೆ ಅವಳ ದನಿ ವಾಪಸ್ ಕೇಳಿಸಿದರೆ ಸರಿಮಾಡಬೇಕಾದವರು ನೀವು.

ಮೈಕ್ ಕೆಲಸವೇ ಮಾಡದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ’ ಒಳಗೆ ‘ಮೈಕ್ರೊಫೋನ್’ ನೋಡಿ, ಅಲ್ಲಿ ಆ್ಯಪ್‌ಗಳಿಗೆ ಅನುಮತಿ ಆಫ್ ಆಗಿರುತ್ತದೆ. ಹತ್ತರಲ್ಲಿ ಏಳೆಂಟು ಸಲ ನಾನು ನೋಡಿರುವ ತೊಂದರೆ ಇದೇ.

ಇನ್ನು ಮಾತು ತುಂಡು ತುಂಡಾಗುವುದು. ನಿಮ್ಮ ದನಿ ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ತುಂಡಾಗಿ ಹೊರಡುತ್ತದೆ. ಮೆಜೆಸ್ಟಿಕ್‌ನಿಂದ ಹತ್ತು ನಿಮಿಷಕ್ಕೊಂದು ಬಸ್ ಸರಿಯಾಗಿ ಹೊರಟರೂ ಬನಶಂಕರಿಯಲ್ಲಿ ನಿಂತವರಿಗೆ ಅರ್ಧ ಗಂಟೆ ಒಂದೂ ಇಲ್ಲ, ಆಮೇಲೆ ಮೂರು ಒಟ್ಟಿಗೆ ಬರುತ್ತವಲ್ಲ, ಹಾಗೆಯೇ ಈ ತುಂಡುಗಳೂ. ತಡವಾಗಿ ಬಂದ ತುಂಡಿನಿಂದ ಉಪಯೋಗ ಇಲ್ಲ, ಮಾತು ಮುಂದೆ ಹೋಗಿರುತ್ತದೆ, ಆ್ಯಪ್ ಅದನ್ನು ಬಿಸಾಡುತ್ತದೆ. ಆಗ ನಿಮಗೆ ‘ಊಟ ...ಯ್ತಾ’ ಎಂದು ಕೇಳಿಸುತ್ತದೆ. ಇದಕ್ಕೆ ಜಾಸ್ತಿ ಸ್ಪೀಡಿನ ಪ್ಲಾನ್ ಮದ್ದಲ್ಲ. 100 ಎಂಬಿಪಿಎಸ್ ಇದ್ದರೂ ಆಗುತ್ತದೆ. ಎಷ್ಟೋ ಸಲ ಜಾಮ್ ಆಗುವುದು ನಿಮ್ಮ ಮನೆಯೊಳಗೇ, ವೈಫೈನಲ್ಲಿ. ನಮ್ಮ ಬಡಾವಣೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಮೇಲೆ ಬಾಡಿಗೆ ಮನೆಗಳು, ಪ್ರತಿ ಮನೆಯಲ್ಲೂ ಒಂದು ರೂಟರ್. ವೈಫೈ ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದಕ್ಕೊಂದು ತಾಗದ ಚಾನೆಲ್, ಅಂದರೆ ದಾರಿ, ಇರುವುದು ಮೂರೇ. ಹೀಗಿರುವಾಗ ರೂಟರಿನಿಂದ ಕಂಪ್ಯೂಟರಿಗೆ ಒಂದು ಲ್ಯಾನ್ ಕೇಬಲ್ ಎಳೆದುಬಿಡಿ. ಹದಿನೈದು ಮೀಟರ್ ಆದರೂ ತೊಂದರೆ ಇಲ್ಲ, ಗೋಡೆಯ ಅಂಚಿನಲ್ಲಿ ಮೊಳೆ ಹೊಡೆಸಿ. ಅದು ಆಗದಿದ್ದರೆ ರೂಟರಿನ ‘5ಜಿ’ ಎಂದು ಕಾಣುವ ವೈಫೈ ಹೆಸರಿಗೆ ಸೇರಿಸಿ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಷ್ಟೇ. ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ, ಹಾಗಾಗಿ ಕಂಪ್ಯೂಟರ್ ರೂಟರ್ ಇರುವ ಕೋಣೆಯಲ್ಲೇ ಇದ್ದರೆ ಒಳ್ಳೆಯದು.

ಕೇಬಲ್ ಹಾಕಿದ ಮೇಲೂ ಮಗಳ ಉತ್ತರ ಒಂದು ಕ್ಷಣ ತಡವಾಗಿ ಬರುತ್ತದೆ. ಅದು ದೂರದ ಲೆಕ್ಕ. ಇಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ನೇರವಾಗಿ ಅಳೆದರೂ 14,000 ಕಿಲೋಮೀಟರ್ ಹತ್ತಿರ ಇದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ, ಸಮುದ್ರದ ತಳದ ಕೇಬಲ್‌ಗಳು ಸುತ್ತಿ ಬಳಸಿ ಹೋಗುತ್ತವೆ. ಹೋಗಿ ಬರುವುದಕ್ಕೆ ಕಾಲು ಸೆಕೆಂಡ್ ದಾರಿಯಲ್ಲೇ ಕಳೆಯುತ್ತದೆ. ಯಾವ ಆ್ಯಪ್ ಬದಲಾಯಿಸಿದರೂ ಇದು ಹೋಗುವುದಿಲ್ಲ. ಒಬ್ಬರು ಮುಗಿಸಿದ ಮೇಲೆ ಒಂದು ಉಸಿರು ಬಿಟ್ಟು ಇನ್ನೊಬ್ಬರು ಶುರು ಮಾಡಿದರೆ ಮಾತಿಗೆ ಮಾತು ಡಿಕ್ಕಿ ಹೊಡೆಯುವುದಿಲ್ಲ.

ಕರೆಂಟ್ ಹೋದರೆ ಯುಪಿಎಸ್ ಇದ್ದರೂ ಕರೆ ನಿಲ್ಲುತ್ತದೆ ಎಂದು ಹಲವರು ಬರೆಯುತ್ತಾರೆ. ರೂಟರ್ ಆ ಲೈನಿನಲ್ಲಿ ಇಲ್ಲ, ಅಷ್ಟೇ. ಅದನ್ನೂ ಯುಪಿಎಸ್ ಪ್ಲಗ್ಗಿಗೆ ಹಾಕಿ. ಮತ್ತೆ ಒಂದು ಮಾತು, ತುರ್ತು ಸಹಾಯದ 112ಕ್ಕೆ ಕರೆ ಮಾಡಲು ಈ ಆ್ಯಪ್‌ಗಳು ಬರುವುದಿಲ್ಲ, ಮೊಬೈಲ್ ಯಾವಾಗಲೂ ಚಾರ್ಜ್ ಆಗಿ ಹತ್ತಿರ ಇರಲಿ.

ಇದನ್ನು ಮಾತ್ರ ದಯವಿಟ್ಟು ಇಬ್ಬರೂ ಓದಿ. ಕಂಪ್ಯೂಟರಿನಲ್ಲಿ ವಾಟ್ಸಾಪ್ ಹಾಕಿದ ಮೇಲೆ ಗೊತ್ತಿಲ್ಲದ ನಂಬರಿನಿಂದಲೂ ವಿಡಿಯೊ ಕರೆ ಬರಬಹುದು. ಪೊಲೀಸ್ ಬಟ್ಟೆ ಹಾಕಿಕೊಂಡವನೊಬ್ಬ ‘ನಿಮ್ಮ ಹೆಸರಿನಲ್ಲಿ ಪಾರ್ಸೆಲ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್, ಕ್ಯಾಮೆರಾ ಮುಂದಿನಿಂದ ಏಳಬೇಡಿ’ ಎಂದು ಹೆದರಿಸುತ್ತಾನೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೊ ಭಾಷಣದಲ್ಲಿ ಇದನ್ನು ಹೇಳಿದ್ದರು. ಕರೆ ಕಟ್ ಮಾಡಿ, ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆಪಟ್ಟು ಮುಚ್ಚಿಡಬೇಡಿ, ಒಂದೊಂದು ಗಂಟೆಯೂ ಮುಖ್ಯ. ಗೊತ್ತಿಲ್ಲದವರು ‘ಸ್ಕ್ರೀನ್ ಶೇರ್ ಮಾಡಿ, ಸರಿಮಾಡಿ ಕೊಡುತ್ತೇನೆ’ ಅಂದರೂ ಬೇಡ. ಸ್ಕ್ರೀನ್ ಶೇರ್ ಮಗಳಿಗೆ ಮಾತ್ರ, ಅದೂ ನೀವೇ ಅವಳಿಗೆ ಕರೆ ಮಾಡಿದಾಗ. ವಾಟ್ಸಾಪ್‌ನಲ್ಲಿ ಗೊತ್ತಿಲ್ಲದವರ ಕರೆ ರಿಂಗ್ ಆಗದಂತೆ ಮಾಡುವ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಇದೆ, ಪ್ರೈವಸಿ ಒಳಗೆ. ಇವತ್ತೇ ಆನ್ ಮಾಡಿ.

ಹೆಡ್‌ಸೆಟ್ ತಂದ ದಿನವೇ ಮಗಳಿಗೆ ಕರೆ ಮಾಡಬೇಡಿ. ಮೊದಲು ವಿಂಡೋಸ್‌ನ ‘ಸೌಂಡ್ ರೆಕಾರ್ಡರ್’ ತೆರೆದು ಮನೆಯವರ ದನಿ ಒಂದು ನಿಮಿಷ ಹಿಡಿದು ಅವರಿಗೇ ಕೇಳಿಸಿ. ಮೈಕ್ ಬಾಯಿಯ ನೇರಕ್ಕೆ ಬೇಡ, ಗಲ್ಲದ ಪಕ್ಕಕ್ಕೆ ಇರಲಿ, ಉಸಿರಿನ ಸದ್ದು ಬರುವುದಿಲ್ಲ. ವಾಲ್ಯೂಮ್ ಅವರಿಗೆ ಹಿತವಾಗುವಷ್ಟು ಅವರೇ ಇಟ್ಟುಕೊಳ್ಳಲಿ. ಅದು ಸರಿಹೋದ ಮೇಲೆ ಮಗಳಿಗೆ ಮಾಡಿ. ಹಾಗೆಯೇ ಹೊತ್ತಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಬೇಸಿಗೆಯಲ್ಲಿ ನಿಮಗೂ ಅವಳಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನೀವು ಭಾನುವಾರ ಬೆಳಗ್ಗೆ ಎಂಟೂವರೆಗೆ ಕೂತರೆ ಅವಳಿಗೆ ಶನಿವಾರ ರಾತ್ರಿ ಎಂಟು. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಮಾರ್ಚ್ ಎರಡನೇ ಭಾನುವಾರದವರೆಗೆ ನೀವು ಒಂಬತ್ತೂವರೆಗೆ ಕೂರಬೇಕು.